ಒಳಗಿದ್ದವಳು

ಆ ಮಾನಸಿಕ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಬೀಗದಕ್ಕನನ್ನು ಅರಿಯದವರಿರಲಿಲ್ಲ. ಹದಿನಾರು ವರ್ಷದಿಂದ ಅಲ್ಲಿ ಆಯಾ. ಸೊಂಟದಲ್ಲಿ ಹನ್ನೊಂದು ಬೀಗದ ಕೈಗಳ ಗೊಂಚಲು. ಅವಳಿಗಿಂತ ಮುಂಚೆ ಅದರ ಸದ್ದು ಬರುತ್ತಿತ್ತು. ಬೀಗ ಹಾಕುವುದರಲ್ಲಿ ಅವಳಿಗೊಂದು ಹುಚ್ಚು ಎಂದು ಜೊತೆಯ ಆಯಾಗಳು ನಗುತ್ತಿದ್ದರು. ಆ ಆಸ್ಪತ್ರೆಯಲ್ಲಿ ಆ ಮಾತನ್ನು ನಗುತ್ತಾ ಆಡುವ ಸಲಿಗೆ ಅವರಿಗಷ್ಟೇ ಇತ್ತು ಅನ್ನಿ.

ಹುಚ್ಚು ಏನೆಂದರೆ, ಅವಳು ರೋಗಿಗಳನ್ನು ಕಣ್ಣಿನಿಂದ ಎಣಿಸುತ್ತಿರಲಿಲ್ಲ, ಅಂಗೈಯಿಂದ ಎಣಿಸುತ್ತಿದ್ದಳು. ಯಾವ ಬಾಗಿಲಿಗೆ ಬೀಗ ಹಾಕುವ ಮುಂಚೆಯೂ ಹೊಸ್ತಿಲಲ್ಲಿ ಬಲಗೈ ಚಾಚಿ ನಿಲ್ಲುವಳು. ಒಬ್ಬೊಬ್ಬರೂ ಅವಳ ಅಂಗೈ ಮುಟ್ಟಿ ದಾಟಬೇಕು. ಬೆವರಿನ ಕೈ, ನಡುಗುವ ಕೈ, ಚಿವುಟಿ ಓಡುವ ಕೈ, ಕೊನೆಗೆ, ಸದಾ ಚಳಿ ಚಳಿ ಎನ್ನುವ ಮುದುಕಿ ಚಳಿಯಜ್ಜಿಯ ಮಂಜಿನಂಥ ಕೈ. ಒಟ್ಟು ಮೂವತ್ತೆರಡು. ಆಮೇಲೆ ಒಳಗೆ ಹೋಗಿ ಮೂಲೆಮೂಲೆ ನೋಡಿ ಬಂದು, ಆಮೇಲೆ ಬೀಗ. ಇಷ್ಟೆಲ್ಲ ಆಗುವಷ್ಟರಲ್ಲಿ ಬೇರೆಯವರು ಚಹಾ ಕುಡಿದು ಲೋಟ ತೊಳೆದಿಟ್ಟಿರುತ್ತಿದ್ದರು.

ಗುಣವಾಗಿ ಮನೆಗೆ ಹೊರಟವರ ಕೈಯನ್ನೂ ಅವಳು ಹಾಗೆಯೇ ಹಿಡಿಯುತ್ತಿದ್ದಳು. ವರ್ಷಗಟ್ಟಲೆ ಗೋಡೆಯೊಳಗಿದ್ದವರು ಗೇಟಿನ ಹತ್ತಿರ ಗಡಗಡ ನಡುಗುತ್ತಿದ್ದರು. ಎಲ್ಲರಿಗೂ ಅವಳದು ಒಂದೇ ಮಾತು: "ಹೆದರ್ಬೇಡ. ಹೊರಗಡೇನೂ ಇರೋದು ಮನುಷ್ಯರೇ." ಈ ಮಾತು ಎಲ್ಲಿಂದ ಕಲಿತಳು ಎಂದು ಯಾರೂ ಕೇಳಿರಲಿಲ್ಲ. ಕೇಳಿದ್ದರೂ ಅವಳು ಹೇಳುತ್ತಿರಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ವಾರ್ಡಿನ ಹಿರಿಯ ನರ್ಸು ಎಲ್ಲ ಆಯಾಗಳನ್ನೂ ಕರೆದು ಸುತ್ತೋಲೆ ಓದಿದರು. ವಯಸ್ಸಿನಲ್ಲಿ ಬೀಗದಕ್ಕನಿಗಿಂತ ಹತ್ತು ವರ್ಷ ಚಿಕ್ಕವರು, ಎಲ್ಲರ ಬಾಯಲ್ಲೂ ಸಿಸ್ಟರ್. ಬೇರೊಂದು ಊರಿನ ಆಸ್ಪತ್ರೆಯಲ್ಲಿ ಕೆಲಸದವನೊಬ್ಬ ರೋಗಿಯ ಮೂಳೆ ಮುರಿದಿದ್ದನಂತೆ. ವಿಚಾರಿಸಿದರೆ ಅವನ ಮೇಲೆ ಮೊದಲೇ ಎರಡು ಹೊಡೆದಾಟದ ಕೇಸು. ಇನ್ನು ಮುಂದೆ ಮಾನಸಿಕ ಆಸ್ಪತ್ರೆಯ ಪ್ರತಿಯೊಬ್ಬ ಕೆಲಸಗಾರನ ಬೆರಳಚ್ಚು ಪೊಲೀಸರಿಗೆ ಹೋಗಬೇಕು, ಹಳೆಯ ಅಪರಾಧ ಇದ್ದವರು ರೋಗಿಗಳ ಹತ್ತಿರ ಸುಳಿಯಬಾರದು.

"ಒಳ್ಳೇದೇ ಆಯ್ತು ಬಿಡಿ. ಪಾಪದ ಜೀವಗಳು, ಬಾಯಿಬಿಟ್ಟು ಹೇಳೋಕೂ ಬರಲ್ಲ ಇವಕ್ಕೆ," ಎಂದಳು ಹೊಸ ಆಯಾ. ಸದಾ ಧಾವಂತದಲ್ಲಿ ಓಡಾಡುವ ಅವಳನ್ನು ಎಲ್ಲರೂ ಬಿರುಗಾಳಿ ಎಂದು ಕರೆಯುತ್ತಿದ್ದರು.

"ಹೂಂ, ಒಳ್ಳೇದೇ," ಎಂದಳು ಬೀಗದಕ್ಕ. ಅದು ಸುಳ್ಳಲ್ಲ. ಅಂಥವನೊಬ್ಬ ತನ್ನ ಮೂವತ್ತೆರಡು ಮಂದಿಯ ಹತ್ತಿರ ಬಂದರೆ ಅವಳೇ ಕತ್ತು ಹಿಡಿದು ಹೊರಗೆ ದಬ್ಬುತ್ತಿದ್ದಳು. ಆದರೆ ಮಾತು ಮುಗಿಯುತ್ತಲೇ ಅವಳು ಅಲ್ಲಿಂದ ಜಾರಿಕೊಂಡಳು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಸುಮ್ಮನೆ ನಿಂತಳು. ಆಮೇಲೆ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತಳು.

ಇಪ್ಪತ್ತೊಂದನೇ ವಯಸ್ಸಿನಲ್ಲಿ ಅವಳು ಒಂದು ಮನೆಯಲ್ಲಿ ಹಾಸಿಗೆ ಹಿಡಿದ ಮುದುಕಿಯನ್ನು ನೋಡಿಕೊಳ್ಳುವ ಕೆಲಸಕ್ಕಿದ್ದಳು. ಒಂದು ಮಧ್ಯಾಹ್ನ ಮುದುಕಿ ಮಲಗಿತೆಂದು ಹೊರಗಿನಿಂದ ಬೀಗ ಹಾಕಿ, ಬೀದಿಯ ಮೂಲೆಯಲ್ಲಿ ಗೆಳತಿಯ ಹತ್ತಿರ ಮಾತಿಗೆ ನಿಂತಳು. ಹತ್ತು ನಿಮಿಷ ಎಂದುಕೊಂಡದ್ದು ಒಂದು ಗಂಟೆಯಾಯಿತು. ಮಾತಾಡಿದ್ದು ಏನು ಎಂದರೆ, ಒಂದು ಸಿನಿಮಾ. ತಿರುಗಿ ಬಂದಾಗ ಬಾಗಿಲ ಸಂದಿಯಿಂದ ಹೊಗೆ. ಆರಿಸದೆ ಬಂದ ಒಲೆ, ಅದರ ಪಕ್ಕ ಒಣಗಲು ಹಾಕಿದ ಬಟ್ಟೆ. ಕೈ ನಡುಗಿ ಬೀಗದ ಕೈ ತೂತಿಗೆ ಹೋಗಲಿಲ್ಲ. ಒಳಗೆ ಬಾಗಿಲವರೆಗೂ ತೆವಳಿ ಬಂದ ಮುದುಕಿ ತಟ್ಟುತ್ತಿದ್ದದ್ದು ಕೇಳುತ್ತಿತ್ತು, ಆಮೇಲೆ ಕೇಳಲಿಲ್ಲ. ನ್ಯಾಯಾಲಯ ಹದಿನಾಲ್ಕು ತಿಂಗಳು ಕೊಟ್ಟಿತು. ಕಡಿಮೆಯಾಯಿತು ಎಂದೇ ಅವಳಿಗೆ ಅನ್ನಿಸಿತ್ತು.

ಇದು ಗೊತ್ತಿದ್ದದ್ದು ಗಂಡನಿಗೆ ಮಾತ್ರ. ಅವನು ದರ್ಜಿ. ಆಸ್ಪತ್ರೆಯ ನಿಲುವಂಗಿಗಳನ್ನು ಹೊಲಿಯುವವನು, ಮಾತಿಗಿಂತ ಮೆಷೀನು ಹೆಚ್ಚು ಓಡಿಸುವವನು. ಅಂದು ಸಂಜೆ ಸುದ್ದಿ ಕೇಳಿ ಪೆಡಲು ನಿಲ್ಲಿಸಿದ.

"ಬೆರಳು ಒತ್ತಿದ್ರೆ ಎಲ್ಲಾ ಗೊತ್ತಾಗುತ್ತಾ?"

"ಗೊತ್ತಾಗುತ್ತಂತೆ. ಅವತ್ತೇ ಹತ್ತೂ ಬೆರಳು ಒತ್ತಿಸ್ಕೊಂಡಿದ್ರಲ್ಲ."

"ಇಪ್ಪತ್ತೆರಡು ವರ್ಷ ಆಯ್ತು ಮಾರಾಯ್ತಿ ಜೈಲಿಂದ ಬಂದು. ಅವರ ಕಾಗದ ಗೆದ್ದಲು ತಿಂದಿರುತ್ತೆ. ಕೇಳಿದ್ರೆ ಇಲ್ಲ ಅನ್ನು. ಬಾಯಿ ಬಿಟ್ಟೀಯ ಜೋಕೆ!"

ಅವಳು ತಲೆಯಾಡಿಸಿದಳು. ಆದರೆ ಪೆಟ್ಟಿಗೆಯ ತಳದಲ್ಲಿದ್ದ ಜೈಲಿನ ಬಿಡುಗಡೆ ಪತ್ರವನ್ನು ತೆಗೆದು ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿಟ್ಟುಕೊಂಡಳು. ಯಾಕೆ ಎಂದು ಕೇಳಿದರೆ ಅವಳಿಗೂ ಗೊತ್ತಿರಲಿಲ್ಲ. ಮನೆಯಲ್ಲಿ ಬಿಟ್ಟರೆ ಯಾರಾದರೂ ನೋಡಿಯಾರು ಎಂಬ ಭಯ, ಜೊತೆಯಲ್ಲಿಟ್ಟುಕೊಂಡರೆ ಎಲ್ಲಿ ಬಿದ್ದುಹೋದೀತು ಎಂಬ ಭಯ. ಮೂರು ದಿನ ಫೋನು ಗುಣುಗಿದರೂ ಎತ್ತಲಿಲ್ಲ. ಗೇಟಿನಲ್ಲಿ ಜೀಪು ನಿಂತರೆ, ತರಕಾರಿಯ ಜೀಪಾದರೂ ಸರಿ, ಕಂಬದ ಮರೆಗೆ ಸರಿಯುತ್ತಿದ್ದಳು.

ಗುರುವಾರ ಅವಳ ಸರದಿ ಬಂತು. ಕಚೇರಿಯ ಗುಮಾಸ್ತರು ಒಳ್ಳೆಯ ಮನುಷ್ಯ, ಆದರೆ ಸೋಮಾರಿತನದಲ್ಲಿ ಎತ್ತಿದ ಕೈ. ಮೇಜಿನ ಮೇಲೆ ಬೆರಳಚ್ಚಿನ ಪುಟ್ಟ ಯಂತ್ರ. ಬೀಗದಕ್ಕ ಹೆಬ್ಬೆರಳು ಒತ್ತಿದಳು. ಕೆಂಪು ದೀಪ. ತೋರುಬೆರಳು. ಕೆಂಪು ದೀಪ. ಹತ್ತೂ ಬೆರಳಾಯಿತು. ಯಂತ್ರ ಕೀಂ ಕೀಂ ಎಂದು ಗೊಣಗಿತೇ ಹೊರತು ಒಪ್ಪಲಿಲ್ಲ.

ಗುಮಾಸ್ತರು ಅವಳ ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. "ಇದೇನಕ್ಕ, ಬೆರಳಲ್ಲಿ ಗೆರೆನೇ ಇಲ್ವಲ್ಲ! ಫಿನಾಯಿಲು ಪೂರ್ತಿ ತಿಂದು ಹಾಕಿದೆ. ನೀವು ಕಳ್ಳತನ ಮಾಡಿದ್ರೂ ಹಿಡಿಯೋರಿಲ್ಲ ನೋಡಿ!"

ಅವರು ಹೊಟ್ಟೆ ಹಿಡಿದು ನಕ್ಕರು. ಅವಳೂ ಹಲ್ಲು ಬಿಟ್ಟಳು.

"ಬೆರಳಚ್ಚು ಬರದೇ ಇರೋರಿಗೆ ಈ ಫಾರಮ್ಮೇ ಸಾಕಂತೆ. ನೀವು ಹೇಳಿದ್ದನ್ನ ಬರ್ಕೊಂಡು ಸಹಿ ಹಾಕಿಸ್ಕೊಳ್ಳೋದು, ಅಷ್ಟೇ," ಎನ್ನುತ್ತಾ ಗುಮಾಸ್ತರು ಪೆನ್ನು ತೆಗೆದರು. ಹೆಸರು, ವಯಸ್ಸು, ವಿಳಾಸ. ಒಂಬತ್ತನೇ ಪ್ರಶ್ನೆ ಅಪರಾಧದ್ದು. ಇಲ್ಲ ಅನ್ನಬೇಕು, ಇಲ್ಲ ಅನ್ನಬೇಕು ಎಂದು ಅವಳು ಒಳಗೊಳಗೇ ಹೇಳಿಕೊಳ್ಳುತ್ತಿದ್ದಳು. ಆದರೆ ಗುಮಾಸ್ತರು ಆ ಪ್ರಶ್ನೆ ಓದಲೇ ಇಲ್ಲ. ಇಷ್ಟು ವರ್ಷದಿಂದ ಕಂಡ ಮುಖವನ್ನು ಕೇಳುವುದೇನು ಎಂದು ತಾವೇ ಇಲ್ಲ ಎಂದು ಬರೆದು ಹತ್ತಕ್ಕೆ ಹೋದರು. ಹತ್ತನೆಯದು ಮನೋರೋಗದ ಚಿಕಿತ್ಸೆಯದು. ಅದನ್ನೂ ಪೂರ್ತಿ ಓದುವ ತಾಳ್ಮೆ ಅವರಿಗಿರಲಿಲ್ಲ.

"ಹಿಂದೆ ಎಲ್ಲಾದ್ರೂ ಒಳಗಿದ್ರಾ?"

ಅವಳ ಬಾಯಿಂದ ಅದು ಹೇಗೆ ಬಂತೋ. ಮೂರು ದಿನದಿಂದ ಹಿಡಿದಿಟ್ಟದ್ದು ಜಾರಿಬಿತ್ತು. "ಇದ್ದೆ ಸಾರ್. ಹದಿನಾಲ್ಕು ತಿಂಗಳು."

ಗುಮಾಸ್ತರ ಪೆನ್ನು ನಿಂತಿತು. ಮುಖ ಮೆತ್ತಗಾಯಿತು. "ಅಯ್ಯೋ ಪಾಪ. ಮಾತ್ರೆ ತಗೊಂಡು ಮನೆಗೆ ಹೋಗೋ ಥರ ಅಲ್ಲ, ವಾರ್ಡಲ್ಲೇ ಇಟ್ಕೊಂಡಿದ್ರಾ?"

ಆಗ ಅವಳಿಗೆ ತಿಳಿಯಿತು. ಆ ಕಾಂಪೌಂಡಿನಲ್ಲಿ ಒಳಗೆ ಎಂದರೆ ಒಂದೇ ಅರ್ಥ. ಜೈಲನ್ನೂ ಒಳಗೆ ಎನ್ನುತ್ತಾರೆ ಎಂಬುದು ಅಲ್ಲಿ ಮೂವತ್ತು ವರ್ಷ ಕೂತ ಗುಮಾಸ್ತರ ತಲೆಗೆ ಹೊಳೆಯುವ ಮಾತೇ ಅಲ್ಲ. ಅವಳು ಬಾಯಿ ತೆರೆದಳು. ಭಯ ಅದನ್ನು ಮುಚ್ಚಿತು. ಅವಳು ಹೂಂ ಎಂದು ತಲೆಯಾಡಿಸಿದಳು.

"ಬಿಡುಗಡೆ ಆಗಿ ಎಷ್ಟು ವರ್ಷ?"

"ಇಪ್ಪತ್ತೆರಡು."

"ಅದಕ್ಯಾಕೆ ತಲೆ ಬಗ್ಗಿಸ್ತೀರಿ? ಕಾಯಿಲೆ ಅಪರಾಧ ಅಲ್ವಲ್ಲ. ಡಾಕ್ಟರು ಒಂದ್ಸಲ ಮಾತಾಡಿಸಿ ಸಹಿ ಹಾಕ್ತಾರೆ," ಎಂದ ಗುಮಾಸ್ತರು ದುಂಡಗಿನ ಅಕ್ಷರದಲ್ಲಿ ಗುಣಮುಖ ಎಂದು ಬರೆದರು.

ಹೊರಗೆ ಬಂದವಳು ಬದುಕಿದೆ ಅಂದುಕೊಂಡಳು. ಅರ್ಧ ದಿನ ಹಾಗೇ ಅಂದುಕೊಂಡಿದ್ದಳು.

ಮಧ್ಯಾಹ್ನದ ಹೊತ್ತಿಗೆ ಕಚೇರಿಯಿಂದ ಸುದ್ದಿ ವಾರ್ಡಿಗೆ ಮುಟ್ಟಿತ್ತು. ಸಿಸ್ಟರ್ ಹತ್ತಿರ ಬಂದರು. ನಿನ್ನೆಯವರೆಗೂ 'ಅಕ್ಕಾ, ಬನ್ನಿ' ಎನ್ನುತ್ತಿದ್ದವರು ಅವಳ ಭುಜದ ಮೇಲೆ ಕೈಯಿಟ್ಟು, "ಬೀಗದ ಕೈ ನನ್ನ ಹತ್ರ ಕೊಡ್ತೀಯೇನಮ್ಮ? ಡಾಕ್ಟರು ನೋಡೋವರೆಗೂ ಅಷ್ಟೇ. ಬೇಜಾರ್ ಮಾಡ್ಕೋಬಾರ್ದಮ್ಮ, ಆಯ್ತಾ?" ಎಂದರು.

ಆ 'ಅಮ್ಮ' ಬೀಗದಕ್ಕನಿಗೆ ಗೊತ್ತು. ಮಗುವಿಗೆ ಹೇಳುವಂತೆ ಎಳೆದು ಹೇಳುವ ಅಮ್ಮ, ರೋಗಿಗಳಿಗೆಂದೇ ಇರುವ ಅಮ್ಮ. ಹದಿನಾರು ವರ್ಷ ಅವಳೂ ಅದೇ ರಾಗದಲ್ಲಿ ಹೇಳಿದ್ದಳು. ಅದನ್ನು ಕೇಳಿಸಿಕೊಳ್ಳುವವರಿಗೆ ಹೇಗಿರುತ್ತದೆ ಎಂದು ಈಗ ತಿಳಿಯಿತು.

"ಸಿಸ್ಟರ್, ನನಗೇನೂ ಆಗಿಲ್ಲ. ನಾನು ಚೆನ್ನಾಗೇ ಇದ್ದೀನಿ."

"ಹೌದಮ್ಮ, ಚೆನ್ನಾಗೇ ಇದ್ದೀಯ," ಎಂದರು ಸಿಸ್ಟರ್. ಅದನ್ನು ಹೇಳದ ರೋಗಿ ಆ ವಾರ್ಡಿನಲ್ಲಿ ಒಬ್ಬಳೂ ಇರಲಿಲ್ಲ.

ಗೊಂಚಲು ಬಿರುಗಾಳಿಯ ಸೊಂಟಕ್ಕೆ ಹೋಯಿತು. ಬೀಗದಕ್ಕನಿಗೆ ಚಾದರ ಮಡಿಸುವ ಕೆಲಸ. ಜೊತೆಯ ಆಯಾಗಳು ಅವಳೆದುರು ದನಿ ತಗ್ಗಿಸಿದರು. ಒಬ್ಬಳು ಅವಳ ಮುಂದಿನಿಂದ ಕತ್ತರಿ ಎತ್ತಿಟ್ಟಳು. ಬೀಗ ಹಾಕುವ ಹುಚ್ಚಿನ ಬಗ್ಗೆ ಯಾರೂ ನಗಲಿಲ್ಲ. ಅದಕ್ಕೀಗ ಕಾರಣ ಸಿಕ್ಕಿತ್ತಲ್ಲ. ಕೋಪ ಬಂದರೂ ತೋರಿಸುವಂತಿಲ್ಲ, ಅಳು ಬಂದರೂ ಅಳುವಂತಿಲ್ಲ, ನಕ್ಕರೆ ಇನ್ನೂ ಕಷ್ಟ. ನಾನು ಹುಚ್ಚಿಯಲ್ಲ ಎನ್ನಬೇಕಾದರೆ ನಾನು ಅಪರಾಧಿ ಎನ್ನಬೇಕು. ಅವಳು ಪರ್ಸನ್ನು ಎದೆಗೊತ್ತಿಕೊಂಡು ಚಾದರ ಮಡಿಸಿದಳು.

ಮರುದಿನ ಬೆಳಿಗ್ಗೆ ಹನ್ನೊಂದು ಗಂಟೆ. ಸ್ನಾನ ಮುಗಿಸಿದ ರೋಗಿಗಳು ಸಾಲಾಗಿ ಊಟದ ಮನೆಯತ್ತ ಹೊರಟರು. ಬಿರುಗಾಳಿ ಸಾಲಿನ ಪಕ್ಕ ಓಡುತ್ತಾ ಕಣ್ಣಲ್ಲೇ ಎಣಿಸಿ, ಮೂವತ್ತೆರಡು ಎಂದು ಕೂಗಿ, ಬಚ್ಚಲುಮನೆಗೆ ಬೀಗ ಜಡಿದು, ಒಗೆಯುವ ಬಟ್ಟೆಯ ಗಾಡಿ ತಳ್ಳಿಕೊಂಡು ಅಂಗಳದ ಆಚೆಗಿನ ಕಟ್ಟಡಕ್ಕೆ ಹೋದಳು. ಗೊಂಚಲೂ ಅವಳ ಜೊತೆಗೇ ಹೋಯಿತು.

ಊಟದ ಮನೆಯ ಬಾಗಿಲಲ್ಲಿ ಚಾದರ ಮಡಿಸುತ್ತಿದ್ದ ಬೀಗದಕ್ಕ ಕೈ ಚಾಚಿರಲಿಲ್ಲ. ಆದರೆ ರೋಗಿಗಳಿಗೆ ಫಾರಮ್ಮೂ ಗೊತ್ತಿಲ್ಲ, ಗುಮಾಸ್ತರೂ ಗೊತ್ತಿಲ್ಲ. ದಾಟುತ್ತಾ ಒಬ್ಬೊಬ್ಬರೇ ಚಾದರದ ಮೇಲಿದ್ದ ಅವಳ ಕೈಯನ್ನು ಮುಟ್ಟಿದರು. ಬೆವರಿನದು, ನಡುಗುವುದು, ಚಿವುಟುವುದು. ಮೂವತ್ತು. ಮೂವತ್ತೊಂದು. ಅವಳು ಕಾದಳು. ಮಂಜಿನಂಥ ಕೈ ಬರಲಿಲ್ಲ.

"ಸಿಸ್ಟರ್! ಒಬ್ಬರು ಕಮ್ಮಿ. ಚಳಿಯಜ್ಜಿ ಬಂದಿಲ್ಲ!"

ಸಿಸ್ಟರ್ ಪುಸ್ತಕ ನೋಡಿದರು. "ಮೂವತ್ತೆರಡು ಅಂತ ಬರೆದಿದೆಯಲ್ಲಮ್ಮ. ಇಲ್ಲೇ ಎಲ್ಲೋ ಇರ್ತಾರೆ. ಕೂತ್ಕೋ."

"ಬಚ್ಚಲಲ್ಲಿ ಸಿಕ್ಕಿಹಾಕ್ಕೊಂಡಿದಾರೆ. ತಣ್ಣೀರು. ಮುದುಕಿ ಸಿಸ್ಟರ್, ತಡ್ಕೊಳಲ್ಲ. ಬೀಗ ತೆಗೆಸಿ!"

"ಕೂಗ್ಬಾರ್ದಮ್ಮ. ಉಸಿರು ಎಳ್ಕೋ ನೋಡೋಣ. ನಿಧಾನ."

"ಬೀಗ ತೆಗೀರಿ ಅಂದ್ನಲ್ಲ!"

ದನಿ ಏರಿದಷ್ಟೂ ಎದುರಿನ ಮುಖಗಳಲ್ಲಿ ಕನಿಕರ ಏರುತ್ತಿತ್ತು. ಇಬ್ಬರು ಆಯಾಗಳು ಬಂದು ಅವಳ ಎರಡೂ ಪಕ್ಕ ನಿಂತರು. ಯಾವಾಗ ಹಾಗೆ ನಿಲ್ಲುತ್ತಾರೆ ಎಂದು ಅವಳಿಗೆ ಗೊತ್ತು. ಎಷ್ಟೋ ಸಲ ಅವಳೇ ನಿಂತಿದ್ದಳು. ಸಿಸ್ಟರ್ ಕಣ್ಣಲ್ಲೇ ಸನ್ನೆ ಮಾಡಿದರು, ಮೂರನೆಯವಳು ಇಂಜೆಕ್ಷನ್ನಿನ ಟ್ರೇ ತರಲು ಹೋದಳು. ಬೀಗದಕ್ಕನಿಗೆ ಅರ್ಥವಾಯಿತು. ಇನ್ನು ಐದು ನಿಮಿಷದಲ್ಲಿ ತನ್ನನ್ನು ಮಲಗಿಸುತ್ತಾರೆ. ಆಮೇಲೆ ಆ ಬಾಗಿಲನ್ನು ಯಾರೂ ನೋಡುವುದಿಲ್ಲ. ಕಿವಿಯಲ್ಲಿ ಹಳೆಯ ತಟ್ಟುವ ಸದ್ದು ಕೇಳುತ್ತಿತ್ತು. ಒಳಗಿನಿಂದ ತಟ್ಟುವ ಸದ್ದು. ಅದು ನಿಂತುಹೋಗುತ್ತದೆ ಎಂದು ಈ ಲೋಕದಲ್ಲಿ ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

"ನಾನು ಹುಚ್ಚಿ ಅಲ್ಲ!" ಎಂದು ಅವಳು ಕಿರುಚಿದಳು. "ನಾನು ಆಸ್ಪತ್ರೇಲಿ ಇರ್ಲಿಲ್ಲ, ಜೈಲಲ್ಲಿದ್ದೆ! ಒಬ್ಬ ಮುದುಕಿನ ಒಳಗೆ ಕೂಡಿ ಬೀಗ ಹಾಕ್ಕೊಂಡು ಹೋಗಿ ಸಾಯಿಸಿದೀನಿ ನಾನು! ಅದಕ್ಕೇ ಎಣಿಸ್ತೀನಿ, ದಿನಾ ಎಣಿಸ್ತೀನಿ! ಇಲ್ಲಿದೆ ನೋಡಿ ಕಾಗದ!"

ಪರ್ಸಿನಿಂದ ಎಳೆದ ಪತ್ರ ಮಡಿಕೆಯಲ್ಲಿ ಹರಿಯಿತು. ಅದರ ಮೇಲಿನ ಜೈಲಿನ ಮೊಹರು ಮಾತ್ರ ದುಂಡಗೆ, ಸ್ಪಷ್ಟವಾಗಿತ್ತು. ಸಿಸ್ಟರ್ ಅದನ್ನು ನೋಡಿದರು, ಅವಳ ಮುಖ ನೋಡಿದರು. ಮುಂದಿನ ಕ್ಷಣ ತಮ್ಮ ಕೋಣೆಯ ಗೋಡೆಯ ಗಾಜಿನ ಪೆಟ್ಟಿಗೆಯತ್ತ ಓಡಿದರು. ತುರ್ತಿಗೆಂದು ಇಟ್ಟ ಎರಡನೇ ಬೀಗದ ಕೈ ಅದರಲ್ಲಿತ್ತು. ಗಾಜು ಒಡೆದ ಸದ್ದು ವಾರ್ಡಿಗೆಲ್ಲ ಕೇಳಿತು.

ಬಾಗಿಲು ತೆರೆದಾಗ ಚಳಿಯಜ್ಜಿ ಕೊನೆಯ ಬಚ್ಚಲಿನ ನೆಲದ ಮೇಲಿದ್ದಳು. ಜಾರಿ ಬಿದ್ದಿದ್ದಳು. ತಲೆಯ ಮೇಲೆ ನಲ್ಲಿ ಸುರಿಯುತ್ತಲೇ ಇತ್ತು. ತುಟಿ ನೀಲಿಗಟ್ಟಿತ್ತು, ಕಣ್ಣು ಮುಚ್ಚಿತ್ತು. ಬೀಗದಕ್ಕ ಅವಳನ್ನು ಬಾಚಿ ಎದೆಗವಚಿಕೊಂಡು, ಬೆನ್ನುಜ್ಜಿ, ಅಂಗೈಯುಜ್ಜಿ, ಅಜ್ಜೀ ಅಜ್ಜೀ ಎಂದು ಕರೆದಳು. ಎಷ್ಟೋ ಹೊತ್ತಾದ ಮೇಲೆ ಮುದುಕಿಯ ತುಟಿ ಅಲುಗಿತು.

"ಚಳಿ," ಎಂದಳು ಅಜ್ಜಿ.

ಬೀಗದಕ್ಕ ಅಲ್ಲೇ ಒದ್ದೆ ನೆಲದ ಮೇಲೆ ಬಿಕ್ಕಿಬಿಕ್ಕಿ ಅತ್ತಳು. ಅವಳನ್ನು ಸಮಾಧಾನ ಮಾಡಲು ಯಾರಿಗೂ ಯಾವ ರಾಗವೂ ಹೊಳೆಯಲಿಲ್ಲ.

ಸಂಜೆ ನಾಲ್ಕಕ್ಕೆ ಡಾಕ್ಟರು ಕರೆಸಿದರು. ಮೇಜಿನ ಮೇಲೆ ಫಾರಮ್ಮು, ಪಕ್ಕದಲ್ಲಿ ಹರಿದ ಪತ್ರ. ಅವರು ಎರಡನ್ನೂ ಎರಡೆರಡು ಸಲ ಓದಿದರು.

"ಯಾವ ಕಾಯಿಲೇನೂ ಇರಲಿಲ್ಲ ಅಲ್ವಾ?"

"ಇರಲಿಲ್ಲ ಡಾಕ್ಟ್ರೇ."

"ಈಗಲೂ ಇಲ್ಲ." ಅವರು ಹತ್ತನೇ ಉತ್ತರ ಹೊಡೆದುಹಾಕಿ ಒಂಬತ್ತನೆಯದನ್ನು ತಿದ್ದಿದರು. ತಿದ್ದುವಾಗ ಅವರ ಕೈ ನಿಧಾನವಾಯಿತು. "ಇವತ್ತು ನೀವು ಒಂದು ಜೀವ ಉಳಿಸಿದ್ದೀರಿ. ಅದನ್ನ ಬರೆಯೋಕೆ ಇದರಲ್ಲಿ ಜಾಗ ಇಲ್ಲ. ಬೇರೆ ಕಾಗದದಲ್ಲಿ ಬರೆದು ಆಸ್ಪತ್ರೆ ಕಮಿಟಿಗೆ ಕಳಿಸ್ತೀನಿ. ಅವರು ತೀರ್ಮಾನ ಮಾಡೋವರೆಗೂ ನೀವು ವಾರ್ಡಿಗೆ ಬರೋ ಹಾಗಿಲ್ಲ."

"ವಾಪಸ್ ತಗೋತಾರಾ?"

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. "ಸುಳ್ಳು ಹೇಳಲ್ಲ ಅಕ್ಕ. ಕಷ್ಟ."

ಮತ್ತೆ ಅಕ್ಕ ಎಂದರಲ್ಲ ಎಂದು ಅವಳಿಗೆ ಆ ಸಂಕಟದಲ್ಲೂ ಅನ್ನಿಸಿತು.

ಚೀಲ ತೆಗೆದುಕೊಳ್ಳಲು ವಾರ್ಡಿನ ಬಾಗಿಲಿಗೆ ಹೋದಳು. ಒಳಗೆ ಕಾಲಿಡುವಂತಿರಲಿಲ್ಲ. ಸರಳಿನ ಬಾಗಿಲ ಆಚೆಯಿಂದ ಬಿರುಗಾಳಿ ಚೀಲ ಕೊಟ್ಟಳು. ಅತ್ತೂ ಅತ್ತೂ ಅವಳ ಕಣ್ಣು ಊದಿತ್ತು.

"ಅಕ್ಕಾ, ನನ್ನಿಂದ ಆಗಲ್ಲ. ಬೀಗ ಮುಟ್ಟಿದ್ರೆ ಕೈ ನಡುಗುತ್ತೆ."

"ನಡುಗ್ಲಿ. ನಡುಗೋ ಕೈಗೇ ಕೊಡ್ಬೇಕು ಇದನ್ನ. ಕಣ್ಣಲ್ಲಿ ಎಣಿಸ್ಬೇಡ. ಕೈ ಚಾಚು. ಹೀಗೆ."

ಅವಳು ಸರಳಿನ ಸಂದಿಯಲ್ಲಿ ಬಲಗೈ ತೂರಿಸಿದಳು. ಬಿರುಗಾಳಿ ತನ್ನ ಕೈಯನ್ನು ಅದರ ಪಕ್ಕ ಹಿಡಿದಳು. ಸಂಜೆಯ ಬೀಗದ ಹೊತ್ತು, ಸಾಲು ತಾನಾಗಿ ಬಂತು. ಒಬ್ಬೊಬ್ಬರೂ ಎರಡೂ ಕೈಗಳನ್ನು ಮುಟ್ಟಿ ಹೋದರು. ಬಿರುಗಾಳಿ ಗಟ್ಟಿಯಾಗಿ ಎಣಿಸುತ್ತಿದ್ದಳು. ಕೊನೆಗೆ ಮೂರು ಕಂಬಳಿ ಹೊದ್ದು, ಸಿಸ್ಟರ್ ಭುಜ ಹಿಡಿದು ಚಳಿಯಜ್ಜಿ ಬಂದಳು. ಬೀಗದಕ್ಕನ ಕೈ ಹಿಡಿದವಳು ಬಿಡಲಿಲ್ಲ. ಚೀಲ ನೋಡಿದಳು, ಹೊರಗಿನ ಗೇಟು ನೋಡಿದಳು.

"ಬಿಡುಗಡೆನಾ?"

"ಹೂಂ ಅಜ್ಜಿ."

ಬೀಗದಕ್ಕನ ಕೈ ಗಡಗಡ ನಡುಗುತ್ತಿತ್ತು. ನಾಳೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕು, ಬೀದಿಯಲ್ಲಿ ಯಾರ ಮುಖ ನೋಡಬೇಕು ಎಂದು ಅವಳಿಗೆ ತೋಚುತ್ತಿರಲಿಲ್ಲ. ಅಜ್ಜಿ ಅವಳ ಗೆರೆ ಅಳಿದ ಬೆರಳುಗಳನ್ನು ತನ್ನೆರಡು ತಣ್ಣನೆಯ ಕೈಗಳಲ್ಲಿ ಮುಚ್ಚಿಕೊಂಡಳು.

"ಹೆದರ್ಬೇಡ," ಎಂದಳು. "ಹೊರಗಡೇನೂ ಇರೋದು ಮನುಷ್ಯರೇ."

"ಮೂವತ್ತೆರಡು," ಎಂದಳು ಬಿರುಗಾಳಿ. ಒಳಗೆ ಹೋಗಿ ಮೂಲೆಮೂಲೆ ನೋಡಿ ಬಂದು, ಆಮೇಲೆ ಬೀಗ ಹಾಕಿದಳು.